ಸಂಜೆ ಬತ್ತಿ ಆರಿಸುವ ಮೇಣದಮ್ಮ

ಬೀದಿದೀಪಗಳು ಇನ್ನೂ ಉರಿಯುತ್ತಿವೆ. ಚರ್ಚಿನ ಪಕ್ಕದ ಸಣ್ಣ ಬಾಗಿಲಿಗೆ ಕೀಲಿ ತಿರುಗಿಸಿ ಮೇಣದಮ್ಮ ಭುಜ ಕೊಟ್ಟು ನೂಕುತ್ತಾರೆ. ತೇವಕ್ಕೆ ಉಬ್ಬಿದ ಬಾಗಿಲು ಮೊದಲ ಸಲಕ್ಕೆ ಜಗ್ಗುವುದಿಲ್ಲ. "ತೆಗೆಯೋ ಮಹರಾಯ" ಎಂದು ಗೊಣಗಿ ಇನ್ನೊಮ್ಮೆ ನೂಕಿದಾಗ ಕಿರ್ರೆಂದು ದಾರಿ ಬಿಡುತ್ತದೆ. ಒಳಗೆ ಕತ್ತಲು, ತಣ್ಣಗಾದ ಕಲ್ಲಿನ ವಾಸನೆ, ಅದರ ಮೇಲೆ ನಿನ್ನೆಯ ಮೇಣದ ಜಿಡ್ಡು ವಾಸನೆ. ಸ್ವಿಚ್ಚು ಕೈಯಳತೆಯಲ್ಲೇ ಇದ್ದರೂ ಅವರು ಒತ್ತುವುದಿಲ್ಲ. ಬೆಂಚುಗಳ ಬೆನ್ನು ಸವರುತ್ತ ಎಡಗೋಡೆಯ ಪಕ್ಕದ ಕಬ್ಬಿಣದ ಸ್ಟ್ಯಾಂಡಿನ ತನಕ ಕಣ್ಣು ಮುಚ್ಚಿಕೊಂಡೂ ಹೋಗಬಲ್ಲರು.

ಸ್ಟ್ಯಾಂಡು ಎಂದರೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಬ್ಬಿಣದ ತಟ್ಟೆಗಳು, ತಟ್ಟೆಯ ತುಂಬ ಮೊಳೆಗಳು. ಪ್ರಾರ್ಥನೆಗೆ ಬಂದವರು ಮೇಣದಬತ್ತಿ ಹಚ್ಚಿ ಮೊಳೆಗೆ ಚುಚ್ಚಿ, ಒಂದು ಗಳಿಗೆ ಕಣ್ಣು ಮುಚ್ಚಿ ನಿಂತು ಹೋಗುತ್ತಾರೆ. ಆಮೇಲೆ ಉಳಿಯುವುದೆಲ್ಲ ಮೇಣದಮ್ಮನ ಪಾಲು. ಮೊಂಡು ಚಾಕು ಹಿಡಿದು ಅವರು ತಟ್ಟೆಯಲ್ಲಿ ಹರಿದು ಹೆಪ್ಪುಗಟ್ಟಿದ ಮೇಣ ಎಬ್ಬಿಸುತ್ತಾರೆ. ರಾತ್ರಿಯಿಡೀ ತಣಿದ ಮೇಣ ಒಣಗಿದ ಗಾಯದ ಹಕ್ಕಳೆಯ ಹಾಗೆ ಸಲೀಸಾಗಿ ಏಳುತ್ತದೆ. "ಬಿಸಿ ಇದ್ದಾಗ ಕೈ ಹಾಕಿದ್ರೆ ಮೆತ್ಕೊಳ್ಳುತ್ತೆ, ಉಗುರಿನ ಸಂದಿಗೆ ಹೋಗುತ್ತೆ. ಮೇಣದ ಹತ್ರ ಆತುರ ನಡೆಯಲ್ಲ" ಎನ್ನುತ್ತಾರೆ. ಹೇಳುವಾಗ ಮುಖ ಎತ್ತುವುದಿಲ್ಲ.

ತಟ್ಟೆಗಳು ಸ್ವಚ್ಛವಾದ ಮೇಲೆ ಹಿಂದಿನ ಕೋಣೆಯಿಂದ ಒಂದು ತಗಡಿನ ಟ್ರೇ ಬರುತ್ತದೆ. ಅದರಲ್ಲಿ ನಿನ್ನೆ ಸಂಜೆ ಪೂರ್ತಿ ಉರಿಯದೆ ಉಳಿದ ಬತ್ತಿಗಳು ಸಾಲಾಗಿ ಮಲಗಿವೆ, ಕೆಲವು ಗೇಣುದ್ದ, ಕೆಲವು ಹೆಬ್ಬೆರಳಿನಷ್ಟು. ಮೇಣದಮ್ಮ ಒಂದೊಂದನ್ನೇ ಎತ್ತಿ ನಿನ್ನೆ ಯಾವ ಮೊಳೆಯಲ್ಲಿತ್ತೋ ಅದೇ ಮೊಳೆಗೆ ಚುಚ್ಚಿ ಮತ್ತೆ ಹಚ್ಚುತ್ತಾರೆ. ಯಾರು ಹಚ್ಚಿದ್ದು, ಯಾತಕ್ಕೆ ಹಚ್ಚಿದ್ದು, ಯಾವುದೂ ಅವರಿಗೆ ಗೊತ್ತಿಲ್ಲ. ಬೆಳಗಿನ ಪೂಜೆಗೆ ಬರುವ ಮೊದಲ ಮುದುಕರು ಬಾಗಿಲಲ್ಲೇ ನಿಂತು, ತಮಗಿಂತ ಮುಂಚೆ ಇಷ್ಟು ಜನ ಬಂದು ಹೋದರೇ ಎಂದು ಹುಬ್ಬೇರಿಸುತ್ತಾರೆ. ಅಷ್ಟು ಹೊತ್ತಿಗೆ ಮೇಣದಮ್ಮ ಹಿಂದಿನ ಕೋಣೆಯಲ್ಲಿ ಬಕೆಟ್ಟು ತೊಳೆಯುತ್ತಿರುತ್ತಾರೆ.

ಅವರಿಗೂ ಒಂದು ಹೆಸರಿದೆ. ಆದರೆ ಆ ಹೆಸರು ಹಿಡಿದು ಕರೆಯುತ್ತಿದ್ದವರು ಒಬ್ಬೊಬ್ಬರಾಗಿ ತೀರಿಕೊಂಡಿದ್ದಾರೆ. ಗಂಡ ಇದೇ ಚರ್ಚಿನ ಕಾವಲುಗಾರ, ಗಂಟೆ ಹೊಡೆಯುವವ, ಕಿಟಕಿ ಒರೆಸುವವ, ಎಲ್ಲಾ ಆಗಿದ್ದವರು. ಎತ್ತರದ ಗಾಜು ಒರೆಸುವಾಗ ಏಣಿಯಿಂದ ಬಿದ್ದು ಸೊಂಟ ಮುರಿಯಿತು. ಮತ್ತೆ ಏಳಲಿಲ್ಲ. ಅವರು ಮಲಗಿದ್ದಷ್ಟು ಕಾಲ "ತಾತ್ಕಾಲಿಕವಾಗಿ" ಹೆಂಡತಿ ಕೆಲಸ ನೋಡಿಕೊಳ್ಳಲಿ ಎಂದು ಆಡಳಿತ ಸಮಿತಿ ಹೇಳಿತು. ಗಂಡನನ್ನು ಮಣ್ಣು ಮಾಡಿ ಬಂದ ಮೇಲೂ ಅದು ತಾತ್ಕಾಲಿಕವಾಗಿಯೇ ಉಳಿಯಿತು. "ಕೂದಲು ಬೆಳ್ಳಗಾಯ್ತು, ಹಲ್ಲು ಹೋಯ್ತು, ಕೆಲಸ ಮಾತ್ರ ಇನ್ನೂ ತಾತ್ಕಾಲಿಕ" ಎಂದು ಅವರು ನಗುತ್ತಾರೆ. ಮದುವೆಯಾಗಿ ಊರಿನ ಇನ್ನೊಂದು ತುದಿಯಲ್ಲಿರುವ ಮಗಳು ಫೋನು ಮಾಡಿದಾಗಲೆಲ್ಲ ಬಿಟ್ಟುಬಿಡು ಎನ್ನುತ್ತಾಳೆ. ಅವರು ಹೂಂ ಎನ್ನುತ್ತಾರೆ, ಮಾರನೆಯ ಬೆಳಗ್ಗೆ ಮತ್ತೆ ಭುಜ ಕೊಟ್ಟು ಬಾಗಿಲು ನೂಕುತ್ತಾರೆ.

ವಾರದಲ್ಲಿ ಎರಡು ದಿನ ಹಿಂದಿನ ಕೋಣೆಯಲ್ಲಿ ಒಲೆ ಹೊತ್ತುತ್ತದೆ. ಕೆರೆದ ಮೇಣವನ್ನೆಲ್ಲ ಪಾತ್ರೆಗೆ ಹಾಕಿ, ಆ ಪಾತ್ರೆಯನ್ನು ಕುದಿಯುವ ನೀರಿನ ಪಾತ್ರೆಯೊಳಗಿಟ್ಟು ಕರಗಿಸುತ್ತಾರೆ. ಸುಟ್ಟ ನೂಲಿನ ತುಣುಕು, ಸತ್ತ ನೊಣ, ಬೆಂಕಿಕಡ್ಡಿ ಎಲ್ಲ ಹಳೇ ಬಟ್ಟೆಯಲ್ಲಿ ಸೋಸಿ, ನೂಲು ಕಟ್ಟಿದ ಅಲ್ಯೂಮಿನಿಯಂ ಅಚ್ಚಿಗೆ ಸುರಿದರೆ ಮತ್ತೆ ಹೊಸ ಬತ್ತಿ. ಕೈಯ ಚರ್ಮ ಬೆಂದು ಬೆಂದು ಬೆರಳ ಗೆರೆಗಳೇ ಅಳಿಸಿವೆ. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯಂತ್ರ ಅವರನ್ನು ಗುರುತಿಸುವುದಿಲ್ಲ. "ಒರೆಸಿ ಇಡಿ ಅಂತಾನೆ, ಒತ್ತಿ ಹಿಡೀರಿ ಅಂತಾನೆ. ಕೊನೆಗೆ ನೀವು ನೀವೇನಾ ಅಂತ ಕೇಳ್ತಾನೆ. ನನಗೇ ಅನುಮಾನ ಬರುತ್ತೆ" ಎನ್ನುತ್ತಾರೆ ಮೇಣದಮ್ಮ.

ಇದೆಲ್ಲ ಮೈಗೆ ಆಗುವ ಕಷ್ಟ. ಅದರ ಬಗ್ಗೆ ಅವರು ದೂರುವುದಿಲ್ಲ. ಅವರನ್ನು ಒಳಗೊಳಗೇ ಕೊರೆಯುವ ಕೆಲಸ ಬೇರೆಯೇ ಇದೆ, ಅದು ಸಂಜೆಯದು.

ಗಂಡನ ಕಾಲದಲ್ಲಿ ಒಮ್ಮೆ ಬತ್ತಿಯೊಂದು ಬಾಗಿ ಬಿದ್ದು ಮರದ ತಡಿಕೆ ಹೊತ್ತಿಕೊಂಡಿತ್ತು. ಅವತ್ತಿನಿಂದ ಒಂದು ನಿಯಮ. ಬಾಗಿಲಿಗೆ ಬೀಗ ಬೀಳುವಾಗ ಒಳಗೆ ಒಂದೇ ಒಂದು ಕಿಡಿಯೂ ಇರಕೂಡದು. ಹಾಗಾಗಿ ಸಂಜೆ ಉಳಿದ ಬತ್ತಿಗಳನ್ನೆಲ್ಲ ಯಾರಾದರೂ ಆರಿಸಲೇಬೇಕು. ಉದ್ದ ಕೋಲಿನ ತುದಿಗೆ ಹಿತ್ತಾಳೆಯ ಸಣ್ಣ ಟೋಪಿ ಇದೆ. ಅದನ್ನು ಉರಿಯ ಮೇಲೆ ಇಟ್ಟರೆ ಹೊಗೆಯ ಒಂದು ಎಳೆ ಏಳುತ್ತದೆ, ಮುಗಿಯಿತು. ಬೆಳಗ್ಗೆ ಬಂದವರ ಬತ್ತಿ ಬುಡದ ತನಕ ಉರಿದಿರುತ್ತದೆ. ದಿನವಿಡೀ ದುಡಿದು, ಆಸ್ಪತ್ರೆಯಿಂದಲೋ ಕಚೇರಿಯಿಂದಲೋ ಏದುಸಿರು ಬಿಡುತ್ತ ಕೊನೆಗೆ ಬಂದವರದ್ದು ಆಗತಾನೆ ಹೊತ್ತಿಕೊಂಡಿರುತ್ತದೆ. ಹೆಚ್ಚು ಸಂಕಟ ಇದ್ದವರೇ ತಡವಾಗಿ ಬರುತ್ತಾರೆ ಎಂಬುದು ಇಷ್ಟು ವರ್ಷ ನೋಡಿದ ಮೇಲೆ ಅವರಿಗೆ ಗೊತ್ತಾಗಿರುವ ಸಂಗತಿ. ಮೊದಲು ಇದನ್ನವರು ಗಮನಿಸಿಯೂ ಇರಲಿಲ್ಲ.

"ಎಷ್ಟೋ ವರ್ಷ ದೇವರ ಮನೇಲೇ ಇದ್ದೆ, ದೇವರ ಹತ್ರ ಮಾತಾಡಿರಲಿಲ್ಲ" ಎನ್ನುತ್ತಾರೆ. "ಪೂಜೆ ನಡೀತಿದ್ರೆ ನನ್ನ ಕಣ್ಣು ನೆಲದ ಮೇಲೆ. ಯಾರು ಎಲ್ಲಿ ಮೇಣ ಚೆಲ್ಲಿದ್ರು, ಯಾರ ಚಪ್ಪಲಿ ಕೆಸರು. ಪ್ರಾರ್ಥನೆ ಎಲ್ಲ ಬಾಯಿಪಾಠ. ಬಾಯಿ ತನ್ನ ಪಾಡಿಗೆ ಹೇಳ್ತಿತ್ತು, ನಾನು ನನ್ನ ಪಾಡಿಗೆ ಇದ್ದೆ." ದೀಪದ ಬುಡದಲ್ಲೇ ಕತ್ತಲು ಎಂಬ ಗಾದೆಯನ್ನು ಅವರೆದುರು ಯಾರೂ ಹೇಳಬೇಕಾಗಿಲ್ಲ. ಅವರೇ ಹೇಳಿಕೊಂಡು ಮುಗಿಸಿದ್ದಾರೆ.

ಆ ಕಾಲದಲ್ಲಿ ಅವರು ಮುಂಜಾನೆ ಬರುತ್ತಿರಲಿಲ್ಲ. ಸಂಜೆಯೇ ಕೆರೆದು ಮುಗಿಸಿ ಹೋಗುವ ಅಭ್ಯಾಸ. ಮೇಣ ತಣಿಯದೆ ಕೆರೆಯಲು ಬಾರದು, ತಣಿಯುವ ತನಕ ಕಾದರೆ ಕೊನೆಯ ಬಸ್ಸು ಸಿಗದು. ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಬೀಗ ಹಾಕುವ ಹೊತ್ತಿಗೆ ಅರ್ಧ ಗಂಟೆ ಇರುವಾಗಲೇ, ಜನ ತೆಳುವಾದದ್ದು ನೋಡಿ, ಬತ್ತಿಗಳನ್ನು ಆರಿಸಿ ತುಂಡುಗಳನ್ನೆಲ್ಲ ಡಬ್ಬಕ್ಕೆ ಎಸೆದುಬಿಡುವುದು. ತಟ್ಟೆಯ ಮೇಣ ತಣಿಯುವಷ್ಟರಲ್ಲಿ ನೆಲ ಒರೆಸಿ, ಆಮೇಲೆ ಅದನ್ನು ಕೆರೆದು ಮನೆಗೆ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಚ್ಚಿದವರು ತಮ್ಮ ಬತ್ತಿ ಇನ್ನೂ ಉರಿಯುತ್ತಿದೆ ಎಂಬ ನೆಮ್ಮದಿಯಲ್ಲಿ ಮನೆ ಸೇರಿರುತ್ತಿದ್ದರು.

ಹಾಗಿದ್ದಾಗ ಒಂದು ಸಂಜೆ ಕೊನೆಯಲ್ಲಿ ಬಂದವಳು ಎದುರು ಬೀದಿಯ ಹೊಲಿಗೆಯಾಕೆ. ಆರು ವರ್ಷದ ಮಗ ಆಸ್ಪತ್ರೆಯಲ್ಲಿ ಜ್ವರ ನೆತ್ತಿಗೇರಿ ಮಲಗಿದ್ದ. ಇದ್ದುದರಲ್ಲೇ ಎಲ್ಲಕ್ಕಿಂತ ದಪ್ಪನೆಯ ಬತ್ತಿ ಹಚ್ಚಿ, ಮೊಣಕಾಲೂರಿ, ಎದ್ದು ಅವಸರದಲ್ಲಿ ಹೋದಳು. ಬೆಂಚಿನ ಮೇಲೆ ಶಾಲು ಮರೆತಿದ್ದಳು. ಅದಕ್ಕಾಗಿ ಹಿಂತಿರುಗಿ ಬಂದಾಗ ಮೇಣದಮ್ಮ ಅದೇ ಬತ್ತಿಯನ್ನು ಮೊಳೆಯಿಂದ ಕಿತ್ತು ಡಬ್ಬಕ್ಕೆ ಹಾಕುತ್ತಿದ್ದರು. ಹೊಲಿಗೆಯಾಕೆ ಕೂಗಾಡಲಿಲ್ಲ. ಡಬ್ಬ ನೋಡಿದಳು, ಮೇಣದಮ್ಮನ ಮುಖ ನೋಡಿದಳು, ಶಾಲು ತೆಗೆದುಕೊಂಡು ಹೋದಳು. ಬೆಳಗಾಗುವಷ್ಟರಲ್ಲಿ ಮಗು ಹೋಗಿತ್ತು.

ಅಂತ್ಯಕ್ರಿಯೆಯ ದಿನ ಚರ್ಚು ತುಂಬಿತ್ತು. ಚಿಕ್ಕ ಪೆಟ್ಟಿಗೆ ಹೊರಲು ಇಬ್ಬರೇ ಸಾಕಾದರು. ಎಲ್ಲ ಮುಗಿದು ಜನ ಹೊರಡುವಾಗ ಹೊಲಿಗೆಯಾಕೆ ಸೀದಾ ಕಂಬದ ಮರೆಯಲ್ಲಿ ನಿಂತಿದ್ದ ಮೇಣದಮ್ಮನ ಹತ್ತಿರ ಬಂದಳು. "ನಾನು ಹಚ್ಚಿದ್ದನ್ನ ನೀನು ಆರಿಸಿಬಿಟ್ಟೆ" ಎಂದಳು. ಅಷ್ಟೇ. ಅವತ್ತಿನಿಂದ ಆಕೆ ಚರ್ಚಿನ ಹೊಸ್ತಿಲು ತುಳಿದಿಲ್ಲ.

ಜನ ಮೇಣದಮ್ಮನ ಪರ ನಿಂತರು. ದುಃಖದಲ್ಲಿ ಆಡಿದ ಮಾತು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು. ಆರಿಸುವುದು ನಿಯಮ, ಆಕೆ ನಿಯಮ ಪಾಲಿಸಿದ್ದಾಳೆ ಎಂದು ಸಮಿತಿಯವರೂ ಹೇಳಿದರು. ಒಳ್ಳೆಯವರಾದ ಫಾದರ್, ಮೇಣದಮ್ಮನನ್ನು ಕರೆದು ಕೂರಿಸಿ, ಮೇಣದಬತ್ತಿ ಬೇರೆ, ಪ್ರಾರ್ಥನೆ ಬೇರೆ, ದೇವರು ಬತ್ತಿಯ ಉದ್ದ ಅಳೆಯುವುದಿಲ್ಲ ಎಂದು ತಿಳಿಹೇಳಿದರು. "ಅದು ನನಗೆ ಗೊತ್ತು ಫಾದರ್. ಅವಳಿಗೆ ಯಾರು ಹೇಳ್ತಾರೆ?" ಎಂದು ಮೇಣದಮ್ಮ ಕೇಳಿದರು. ಆಮೇಲೆ, ಯಾರಿಗೂ ಹೇಳದ ಅರ್ಧ ಗಂಟೆಯ ವಿಷಯವನ್ನೂ ಹೇಳಿದರು. ಫಾದರ್ ಪಾಪಕ್ಷಮೆಯ ಪ್ರಾರ್ಥನೆ ಹೇಳಿ, ತಲೆಯ ಮೇಲೆ ಕೈಯಿಟ್ಟು ಕಳಿಸಿದರು.

ಕ್ಷಮೆ ಸಿಕ್ಕಿದ ಮೇಲೆ ಹಗುರಾಗಬೇಕಿತ್ತು. ಆಗಲಿಲ್ಲ. ದೇವರು ಕ್ಷಮಿಸಿದ್ದಾನೆ ಎಂದು ನಂಬುವುದು ಕಷ್ಟವಾಗಲಿಲ್ಲ ಅವರಿಗೆ. ಆದರೆ ಎದುರು ಬೀದಿಯಲ್ಲಿ ಹೊಲಿಗೆ ಯಂತ್ರದ ಸದ್ದು ಕೇಳಿದಾಗಲೆಲ್ಲ ಆ ನಂಬಿಕೆ ಯಾವ ಉಪಯೋಗಕ್ಕೂ ಬಾರದು ಎನ್ನಿಸುತ್ತಿತ್ತು. ಕೆಲಸ ಬಿಡುವ ಯೋಚನೆಯೂ ಬಂತು. "ಬಿಟ್ಟರೆ ಇನ್ನೊಬ್ಬಳು ಬರ್ತಾಳೆ. ಅವಳಿಗೂ ಬಸ್ಸು ಇರುತ್ತಲ್ಲ" ಎಂದು ಉಳಿದುಕೊಂಡರು.

ಮೊದಲು ಬದಲಾದದ್ದು ಹೊತ್ತು. ಈಗ ಬೀಗದ ಗಂಟೆ ಬಾರಿಸುವ ತನಕ ಒಂದೇ ಒಂದು ಬತ್ತಿಯನ್ನೂ ಅವರು ಮುಟ್ಟುವುದಿಲ್ಲ. ಮೇಣ ರಾತ್ರಿಯೆಲ್ಲ ತಣಿಯಲಿ ಎಂದು ಬಿಟ್ಟು, ಬೆಳಕು ಹರಿಯುವ ಮುಂಚೆ ಬಂದು ಕೆರೆಯುತ್ತಾರೆ. ಉಳಿದ ತುಂಡುಗಳನ್ನು ಕರಗಿಸದೆ ಮಾರನೆಯ ಬೆಳಗ್ಗೆ ಹಚ್ಚಿ ಮುಗಿಸುತ್ತಾರೆ. ಇದರಿಂದ ಕರಗಿಸಲು ಸಿಗುವ ಮೇಣ ಕಡಿಮೆಯಾಗಿದೆ ಎಂದು ಸಮಿತಿಯ ಕಾರ್ಯದರ್ಶಿ ಮುಖ ಸಿಂಡರಿಸುತ್ತಾರೆ. ಉಪ್ಪಿಗಿಲ್ಲ, ಸೊಪ್ಪಿಗಿಲ್ಲ ಎನ್ನುವಂಥ ಈ ತುಂಡುಗಳಿಗೆ ಇಷ್ಟೊಂದು ಉಪಚಾರವೇ ಎಂದೂ ಕೇಳಿದ್ದುಂಟು. ಮೇಣದಮ್ಮ ಅವರೆದುರು ತಲೆಯಾಡಿಸಿ, ಮಾಡುವುದನ್ನೇ ಮಾಡುತ್ತಾರೆ.

ಎರಡನೆಯ ಬದಲಾವಣೆ ತಾನಾಗಿ ಬಂದದ್ದು. ಅಂತ್ಯಕ್ರಿಯೆಯ ಮಾರನೆಯ ಸಂಜೆ ಕೋಲು ಹಿಡಿದು ನಿಂತವರಿಗೆ ಕೈ ಏಳಲಿಲ್ಲ. ಹಿಂದೆಂದೂ ಆ ಉರಿಗಳನ್ನು ಒಂದೊಂದಾಗಿ ನೋಡಿರಲಿಲ್ಲ ಅವರು. ಈಗ ನೋಡಿದರೆ ಪ್ರತಿಯೊಂದರ ಹಿಂದೆಯೂ ಒಂದು ಆಸ್ಪತ್ರೆಯ ಮಂಚ ಕಾಣತೊಡಗಿತು. ಗಂಡನ ನಂತರ ರಾತ್ರಿ ಪಾಳಿಗೆ ಬಂದಿದ್ದ ಕಾವಲುಗಾರ ಬೀಗ ಹಾಕಲು ಬಂದು ಕೆಮ್ಮಿದ. ಬಾಯಿಪಾಠದ ಪ್ರಾರ್ಥನೆ ಒಂದೂ ನೆನಪಿಗೆ ಬರಲಿಲ್ಲ. ಬಾಯಿಗೆ ಬಂದದ್ದು ಹೇಳಿ ಟೋಪಿ ಇಳಿಸಿದರು. "ಸ್ವಾಮೀ, ಇದನ್ನ ನಾನು ಆರಿಸ್ತಿದೀನಿ. ನೀನು ಆರಿಸ್ಬೇಡ."

ಇವತ್ತಿಗೂ ಅದೇ ಮಾತು. ಪ್ರತಿ ಬತ್ತಿಗೂ ಬೇರೆ ಬೇರೆಯಾಗಿ, ಮೊದಲು ಹಳೆಯವು, ಕೊನೆಗೆ ಆಗತಾನೆ ಹಚ್ಚಿದ್ದು. ಬತ್ತಿ ಹೆಚ್ಚಿದ್ದ ದಿನ ಇದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಕಾವಲುಗಾರ ಬೀಗ ಹಿಡಿದು ಬಾಗಿಲಲ್ಲಿ ಕಾಲು ಬದಲಿಸುತ್ತಾನೆ. ಕೊನೆಯ ಬಸ್ಸು ಹೋಗಿರುತ್ತದೆ, ಅವರು ಊದಿದ ಕಾಲೆಳೆದುಕೊಂಡು ನಡೆದೇ ಮನೆ ಸೇರುತ್ತಾರೆ. ಉತ್ತರ ಬರುತ್ತದೆಯೇ ಎಂದು ಕೇಳಿದರೆ ಅವರು ತಡಮಾಡುವುದಿಲ್ಲ. "ಇಲ್ಲ. ಒಂದು ದಿನವೂ ಬಂದಿಲ್ಲ. ಬೇರೆಯವರಿಗೆ ಮನಸ್ಸಿಗೆ ಶಾಂತಿ ಆಗುತ್ತಂತೆ, ಕಣ್ಣೀರು ಬರುತ್ತಂತೆ. ನನಗೆ ಏನೂ ಇಲ್ಲ, ಒಣಕಲು. ಗೋಡೆಗೆ ಹೇಳ್ದಂಗೆ ಇರುತ್ತೆ. ಆದ್ರೂ ಹೇಳ್ಬೇಕು. ಹೇಳದೆ ಆರಿಸೋದು ಹೇಗೆ?"

ಈಚೆಗೆ ಹೊರಗಿನಿಂದ ಒಬ್ಬ ಪ್ರಬೋಧಕರು ಬಂದು ಧ್ಯಾನಕೂಟ ನಡೆಸಿದರು. ವಿಷಯ ಆಧ್ಯಾತ್ಮಿಕ ಬೆಳವಣಿಗೆ. ಶುದ್ಧೀಕರಣ, ಪ್ರಕಾಶ, ಐಕ್ಯ ಎಂದು ಹಂತ ಹಂತವಾಗಿ ವಿವರಿಸಿದರು. ಮೇಣದಮ್ಮ ಕೊನೆಯ ಬೆಂಚಿನಲ್ಲಿ ಕೂತು ಪ್ರಕಾಶದ ಹೊತ್ತಿಗೆ ಸೊಗಸಾಗಿ ನಿದ್ದೆ ಹೋದರು. "ಬೆಳವಣಿಗೆ ಅಂದ್ರು. ಈ ವಯಸ್ಸಲ್ಲಿ ನನಗೆ ಬೆಳೆದಿರೋದು ಕಾಲಿನ ಊತ ಒಂದೇ" ಎನ್ನುತ್ತಾರೆ. ಕೂಟದ ಕೊನೆಯಲ್ಲಿ ಫಾದರ್, ಮೇಣದಮ್ಮನನ್ನು ಎಬ್ಬಿಸಿ ಮುಂದೆ ಕರೆದು, ಸಂಜೆಯ ಪ್ರಾರ್ಥನೆಯ ಬಗ್ಗೆ ನಾಲ್ಕು ಮಾತು ಹೇಳಿ ಎಂದರು. ಅದು ಅಷ್ಟರಲ್ಲಿ ಕಾವಲುಗಾರನ ಬಾಯಿಂದ ಊರಿಗೆಲ್ಲ ಗೊತ್ತಾಗಿತ್ತು. ಜನ ಭಕ್ತಿಯಿಂದ ಕಾದರು. ಮೇಣದಮ್ಮನ ಮುಖ ಕಪ್ಪಿಟ್ಟಿತು, ತಲೆಯಾಡಿಸಿ ಹಿಂದಕ್ಕೆ ಹೋಗಿ ಕೂತರು.

ಆ ಸಂಕೋಚವನ್ನು ಎಲ್ಲರೂ ವಿನಯ ಎಂದುಕೊಂಡರು. ಅದು ವಿನಯವಲ್ಲ, ನಾಚಿಕೆ. "ಏನಂತ ಹೇಳ್ಲಿ? ಒಂದು ಮಗು ಸತ್ತಿದ್ದಕ್ಕೆ ನಾನು ಪ್ರಾರ್ಥನೆ ಕಲ್ತೆ ಅಂತ ಹೇಳ್ಲಾ? ಅವಳು ಮಗ ಕಳ್ಕೊಂಡ್ಲು, ದೇವರ ಮನೆನೂ ಕಳ್ಕೊಂಡ್ಲು. ನಾನು ಇಲ್ಲಿ ನಿಂತು ಚಪ್ಪಾಳೆ ತಗೊಳ್ಲಾ?" ಎಂದು ಅವರು ಕೇಳುತ್ತಾರೆ. ಹೀಗೆ ಕೇಳುವಾಗ ಮಾತ್ರ ಅವರ ದನಿ ಏರುತ್ತದೆ. ಈ ಪ್ರಶ್ನೆಗೆ ಉತ್ತರ ಕೊಡುವ ಹಂತ ಪ್ರಬೋಧಕರ ಪಟ್ಟಿಯಲ್ಲಿ ಇದ್ದಂತಿಲ್ಲ.

ಅವರಿಗೆ ಬೇಕಿರುವುದು ಒಂದೇ. ಹೊಲಿಗೆಯಾಕೆ ಮತ್ತೆ ಚರ್ಚಿಗೆ ಬರಬೇಕು. ಮೊದಲ ಸಲ ಅಂಗಡಿಗೆ ಹೋಗಿ ಕ್ಷಮೆ ಕೇಳಿದಾಗ ಆಕೆ ತಲೆಯೆತ್ತದೆ ಯಂತ್ರ ತುಳಿಯುತ್ತಲೇ ಇದ್ದಳು. ಬರಿಗೈಯಲ್ಲಿ ಹೋದರೆ ನಿಲ್ಲಲು ಜಾಗವಿಲ್ಲ ಎಂದು ತಿಳಿದ ಮೇಣದಮ್ಮ ಮುಂದಿನ ಶನಿವಾರ ಹರಿದ ರವಿಕೆಯೊಂದನ್ನು ಒಯ್ದರು. ಗಿರಾಕಿಯನ್ನು ಓಡಿಸುವಂತಿಲ್ಲವಲ್ಲ. ಆಕೆ ಹೊಲಿದಳು, ಮಡಚಿ ಮೇಜಿನ ಮೇಲಿಟ್ಟಳು. ಹಾಗೆ ಶನಿವಾರಕ್ಕೊಂದು ಬಟ್ಟೆ. ಲಂಗ ಆಯಿತು, ದಿಂಬಿನ ಚೀಲ ಆಯಿತು, ಸತ್ತ ಗಂಡನ ಅಂಗಿಯೂ ಆಯಿತು. ಬರಬರುತ್ತ ಮನೆಯಲ್ಲಿ ಹರಿದದ್ದೇ ಉಳಿಯಲಿಲ್ಲ. ಆಗ ಶುಕ್ರವಾರ ಸಂಜೆ ದೀಪದ ಕೆಳಗೆ ಕೂತು, ಗಟ್ಟಿಯಾಗಿದ್ದ ಹೊಲಿಗೆಯನ್ನೇ ಸೂಜಿಯಿಂದ ಬಿಚ್ಚತೊಡಗಿದರು. "ನೆರೆಮನೆಯವಳು ನೋಡಿ ನನಗೆ ತಲೆ ಕೆಟ್ಟಿದೆ ಅಂದ್ಲು. ಕೆಟ್ಟಿದ್ರೂ ಕೆಟ್ಟಿರ್ಬಹುದು."

ಎಷ್ಟೋ ಶನಿವಾರಗಳು ಹಾಗೇ ಕಳೆದವು. ಅಂಗಡಿ ಎಂದರೆ ಒಂದು ಯಂತ್ರ, ಒಂದು ಸ್ಟೂಲು, ಗೋಡೆಗೆ ದಾರದ ಉಂಡೆಗಳು, ಮೂಲೆಯಲ್ಲಿ ಇನ್ನೂ ಯಾರಿಗೂ ಕೊಡದೆ ಉಳಿದ ಮಗನ ಪುಟ್ಟ ಶಾಲಾಚೀಲ. ಮೇಣದಮ್ಮ ಅದರ ಕಡೆ ಬೆನ್ನು ಮಾಡಿ ನಿಲ್ಲುತ್ತಾರೆ. ಕಳೆದ ಶನಿವಾರ ಹೊಲಿಗೆಯಾಕೆ ರವಿಕೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಈ ಹೊಲಿಗೆ ತಾನಾಗಿ ಬಿಟ್ಟಿದ್ದಲ್ಲ. ಯಾರೋ ಬಿಚ್ಚಿದಾರೆ."

"ಹೌದು. ನಾನೇ ಬಿಚ್ಚಿದ್ದು."

ಯಂತ್ರ ನಿಂತಿತು. ಇಷ್ಟು ಶನಿವಾರಗಳಲ್ಲಿ ಹೊಲಿಗೆಯಾಕೆ ಮೊದಲ ಬಾರಿಗೆ ಅವರ ಮುಖ ನೋಡಿದಳು.

"ಆರಿಸೋ ಮುಂಚೆ ಒಂದೊಂದಕ್ಕೂ ಏನೋ ಹೇಳ್ತೀಯಂತೆ."

"ಹೂಂ."

"ನನ್ನ ಮಗಂದು ಆರಿಸುವಾಗ ಯಾಕೆ ಹೇಳ್ಲಿಲ್ಲ?"

ಈ ಕ್ಷಣಕ್ಕಾಗಿ ಮೇಣದಮ್ಮ ಎಷ್ಟೋ ಮಾತು ಜೋಡಿಸಿಟ್ಟುಕೊಂಡಿದ್ದರು. ದೇವರು ಬತ್ತಿಯ ಉದ್ದ ಅಳೆಯುವುದಿಲ್ಲ ಎಂಬ ಫಾದರ್ ಮಾತಿತ್ತು, ನಿಯಮ ಎಂಬ ಸಮಿತಿಯವರ ಮಾತಿತ್ತು. ಅವನ್ನೆಲ್ಲ ಪಕ್ಕಕ್ಕಿಟ್ಟರು. "ಅವತ್ತು ನಾನು ಬಸ್ಸಿನ ಯೋಚನೆ ಮಾಡ್ತಿದ್ದೆ. ಬೀಗ ಹಾಕೋಕೆ ಇನ್ನೂ ಅರ್ಧ ಗಂಟೆ ಇತ್ತು" ಎಂದುಬಿಟ್ಟರು.

ಹೊಲಿಗೆಯಾಕೆ ಅಳಲಿಲ್ಲ, ಬಯ್ಯಲೂ ಇಲ್ಲ. ಸೂಜಿಗೆ ದಾರ ಪೋಣಿಸಿ, ರವಿಕೆಯ ಹೊಲಿಗೆಯನ್ನು ಒತ್ತೊತ್ತಾಗಿ ಎರಡು ಸಲ ಹಾಕಿ, ಮಡಚಿ ಕೈಗೇ ಕೊಟ್ಟಳು. "ಇನ್ನು ಇದನ್ನ ಬಿಚ್ಚಬೇಡ. ಬಟ್ಟೆ ತಡೆಯಲ್ಲ" ಎಂದಳು. ಇನ್ನು ಬರಬೇಡ ಎಂದು ಹೇಳಿದಳೋ, ಬರುವುದಾದರೆ ನೆಪ ಬೇಡ ಎಂದು ಹೇಳಿದಳೋ, ಮೇಣದಮ್ಮನಿಗೆ ಇನ್ನೂ ತಿಳಿದಿಲ್ಲ. ಈ ಶನಿವಾರ ಬರಿಗೈಯಲ್ಲೇ ಹೋಗಬೇಕೆಂದಿದ್ದಾರೆ. ಹೋಗಲು ಭಯವೂ ಇದೆ.

ಹಿಂದಿನ ಕೋಣೆಯಲ್ಲಿ ಬಕೆಟ್ಟು ಬೋರಲು ಹಾಕಿ ಅವರು ಮಣೆಯ ಮೇಲೆ ಕೂರುತ್ತಾರೆ. ಹೊರಗೆ ಬೆಳಗಿನ ಪೂಜೆ ನಡೆದಿದೆ. "ನನ್ನನ್ನ ಕೇಳಿದ ಪ್ರಶ್ನೆನ ಅವಳು ದೇವರನ್ನೂ ಕೇಳಿರ್ತಾಳೆ, ಅದೆಷ್ಟು ಸಲ ಕೇಳಿದಾಳೋ" ಎನ್ನುತ್ತಾರೆ. ನೀವು ದಿನವೂ ಬೇಡುತ್ತೀರಲ್ಲ, ನಿಮಗಾಗಿ ಏನು ಬೇಡುತ್ತೀರಿ ಎಂದರೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಅವನು ಬಾಯಿ ಬಿಡೋದಾದ್ರೆ ಮೊದ್ಲು ಅವಳ ಹತ್ರ ಬಿಡ್ಲಿ. ನಂದು ಆಮೇಲೆ ನೋಡ್ಕೊಂಡ್ರಾಯ್ತು."